ಪೇಟೆಂಟ್ ಏಜೆಂಟರನ್ನು ಗೊತ್ತುಮಾಡುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನನಗೆ ಒಂದು ವೆಲ್ಡಿಂಗ್ ಶೆಡ್ ಇದೆ, ಸ್ವಲ್ಪ ಅಡಿಕೆ ತೋಟವೂ ಇದೆ. ಒಣ ಅಡಿಕೆಯನ್ನು ಹೋಳಾಗದಂತೆ ಸುಲಿದು, ಸಿಪ್ಪೆಯನ್ನು ಬೇರೆ ಕಡೆಗೆ ತಳ್ಳುವ ಯಂತ್ರವೊಂದನ್ನು ಹಲವು ವರ್ಷ ತಿದ್ದಿ ತೀಡಿ ಒಂದು ಹದಕ್ಕೆ ತಂದಿದ್ದೇನೆ. ಪೇಟೆಂಟ್ ಮಾಡಿಸಿಕೊಳ್ಳಿ ಎಂದು ನೋಡಿದವರೆಲ್ಲ ಹೇಳುತ್ತಾರೆ. ಕೊಚ್ಚಿಯ ಒಬ್ಬರ ಕಾರ್ಡಿನಲ್ಲಿ ‘ಪೇಟೆಂಟ್ ಅಟಾರ್ನಿ’ ಎಂದಿದೆ. ಮಂಗಳೂರಿನ ಒಬ್ಬರು ವಕೀಲರು. ಟ್ರೇಡ್‌ಮಾರ್ಕ್, ಪೇಟೆಂಟ್ ಎರಡನ್ನೂ ಮಾಡಿಕೊಡುತ್ತೇನೆ ಎನ್ನುತ್ತಾರೆ. ಬೆಂಗಳೂರಿನ ಒಂದು ಸಂಸ್ಥೆಯವರು ಫೋನಿನಲ್ಲಿಯೇ ‘ಆರು ತಿಂಗಳಲ್ಲಿ ಪೇಟೆಂಟ್ ಖಾತ್ರಿ’ ಎಂದು ಹೇಳಿ ಪೂರ್ತಿ ಹಣವನ್ನು ಮುಂಗಡವಾಗಿ ಕೇಳುತ್ತಿದ್ದಾರೆ. ನಾನು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಮಲಯಾಳ ಮಾತಾಡಬಲ್ಲೆ, ಇಂಗ್ಲಿಷ್ ಕಾಗದಪತ್ರ ಓದಿ ಅರ್ಥ ಮಾಡಿಕೊಳ್ಳಲಾರೆ. ಇಂಥವರ ಅನುಭವವನ್ನೂ ಅರ್ಹತೆಯನ್ನೂ ನನ್ನಂಥವನು ತಿಳಿದುಕೊಳ್ಳುವುದು ಹೇಗೆ?
— ಒಬ್ಬ ಓದುಗ, ಪೆರ್ಲ

ಉತ್ತರ: ಮೊದಲು ಕಾರ್ಡಿನ ಮೇಲಿನ ಬಿರುದಿನ ವಿಚಾರವನ್ನು ಮುಗಿಸಿಬಿಡೋಣ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ‘ಪೇಟೆಂಟ್ ಅಟಾರ್ನಿ’ ಎಂಬ ವರ್ಗವೇ ಇಲ್ಲ. ಅಮೆರಿಕದಲ್ಲಿ ಪೇಟೆಂಟ್ ಕಚೇರಿಯ ಪರೀಕ್ಷೆ ಪಾಸಾದ ವಕೀಲರನ್ನು ಅಟಾರ್ನಿ ಎಂದೂ, ವಕೀಲರಲ್ಲದವರನ್ನು ಏಜೆಂಟ್ ಎಂದೂ ಕರೆಯುತ್ತಾರೆ; ಅಲ್ಲಿಂದ ಆ ಹೆಸರು ಇಲ್ಲಿನ ಬೋರ್ಡುಗಳಿಗೆ ಬಂದಿದೆ. ನಮ್ಮ ಕಾಯ್ದೆ ಗುರುತಿಸುವುದು ‘ಪೇಟೆಂಟ್ ಏಜೆಂಟ್’ ಎಂಬವರನ್ನು. ಭಾರತದ ಪ್ರಜೆಯಾಗಿ, 21 ವರ್ಷ ತುಂಬಿ, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದಲ್ಲಿ ಪದವಿ ಪಡೆದು, ಪೇಟೆಂಟ್ ಕಚೇರಿ ನಡೆಸುವ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು, ಇಲ್ಲವೇ ಅದೇ ಕಚೇರಿಯಲ್ಲಿ ಅರ್ಜಿಗಳನ್ನು ಪರಿಶೀಲಿಸುವ ಪರೀಕ್ಷಕರಾಗಿಯೋ ಅವುಗಳ ಬಗ್ಗೆ ತೀರ್ಮಾನ ಕೊಡುವ ಕಂಟ್ರೋಲರರಾಗಿಯೋ ಕನಿಷ್ಠ 10 ವರ್ಷ ಕೆಲಸ ಮಾಡಿದವರು ಈ ನೋಂದಣಿಗೆ ಅರ್ಹರು. ಆ ಪರೀಕ್ಷೆಯ ಒಂದು ಪತ್ರಿಕೆ ಕಾಯ್ದೆ ಮತ್ತು ನಿಯಮಗಳ ಬಗ್ಗೆ, ಇನ್ನೊಂದು ಅರ್ಜಿಯ ವಿವರಣಾಪತ್ರವನ್ನು ಬರೆಯುವ ಮತ್ತು ಅರ್ಥೈಸುವ ಬಗ್ಗೆ. ಕೊನೆಗೆ ಮೌಖಿಕ ಪರೀಕ್ಷೆ. ನೋಂದಣಿಯಾಗದವರು ತಾವು ಪೇಟೆಂಟ್ ಏಜೆಂಟ್ ಎಂದು ಹೇಳಿಕೊಳ್ಳುವುದನ್ನೇ ಕಾಯ್ದೆಯ 129ನೇ ಸೆಕ್ಷನ್ ನಿಷೇಧಿಸುತ್ತದೆ.

ಹೀಗೆ ನೋಂದಾಯಿಸಿಕೊಂಡವರ ಪಟ್ಟಿ ಗುಟ್ಟಿನದಲ್ಲ. ‘ಐಪಿ ಇಂಡಿಯಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ಏಜೆಂಟರ ರಿಜಿಸ್ಟರನ್ನು ಯಾರೂ ನೋಡಬಹುದು. ಮೂವರಿಂದಲೂ ‘ಐಎನ್/ಪಿಎ’ ಎಂದು ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಮನೆಯ ಮಕ್ಕಳ ಮೊಬೈಲಿನಲ್ಲೋ ಹತ್ತಿರದ ಅಕ್ಷಯ ಕೇಂದ್ರದಲ್ಲೋ ಆ ಹೆಸರು ಮತ್ತು ಸಂಖ್ಯೆ ಒಂದಕ್ಕೊಂದು ತಾಳೆಯಾಗುತ್ತವೆಯೇ, ನೋಂದಣಿ ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಿಸಿ. ಶುಲ್ಕ ಕಟ್ಟದೆ ಬಿಟ್ಟವರ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. ಸಂಸ್ಥೆಯ ಹೆಸರಿನಲ್ಲಿ ಹುಡುಕುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ನೋಂದಣಿ ಆಗುವುದು ವ್ಯಕ್ತಿಗೆ. ‘ನಮ್ಮಲ್ಲಿ ಬಹಳ ಜನ ಏಜೆಂಟರಿದ್ದಾರೆ’ ಎನ್ನುವ ಸಂಸ್ಥೆಗೆ ‘ನನ್ನ ಅರ್ಜಿಯನ್ನು ಬರೆಯುವವರು ಯಾರು, ಸಹಿ ಹಾಕುವವರು ಯಾರು?’ ಎಂದು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ. ದೊಡ್ಡ ಕಚೇರಿಗಳಲ್ಲಿ ಹಿರಿಯರು ಸಹಿ ಹಾಕುತ್ತಾರೆ, ಬರೆಯುವವರು ಹೊಸದಾಗಿ ಸೇರಿದ ಹುಡುಗರಾಗಿರುವುದುಂಟು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನೀವು ಅಳೆಯಬೇಕಾದದ್ದು ಬರೆಯುವವರ ಕೈಯನ್ನು.

ಮಂಗಳೂರಿನ ವಕೀಲರ ಬಗ್ಗೆ ಹೇಳುವುದಾದರೆ, ವಕೀಲಿ ಸನ್ನದು ಒಂದು ಅರ್ಹತೆ, ಪೇಟೆಂಟ್ ಏಜೆಂಟಿಕೆ ಇನ್ನೊಂದು. ಎರಡೂ ಇರುವವರು ಇದ್ದಾರೆ. ಏಜೆಂಟರಲ್ಲದ ವಕೀಲರೂ ಕಂಟ್ರೋಲರರ ಮುಂದೆ ವಿಚಾರಣೆಯಲ್ಲಿ ಕಕ್ಷಿದಾರರ ಪರವಾಗಿ ಭಾಗವಹಿಸಬಹುದು ಎಂದು 132ನೇ ಸೆಕ್ಷನ್ ಹೇಳುತ್ತದೆ. ಮುಂದೊಂದು ದಿನ ಯಾರಾದರೂ ನಿಮ್ಮ ಯಂತ್ರವನ್ನು ನಕಲು ಮಾಡಿ, ನೀವು ದಾವೆ ಹೂಡಬೇಕಾಗಿ ಬಂದರೆ, ಜಿಲ್ಲಾ ನ್ಯಾಯಾಲಯದಲ್ಲೋ ಹೈಕೋರ್ಟಿನಲ್ಲೋ ನಿಮಗೆ ವಕೀಲರೇ ಬೇಕು. ಆದರೆ ಈಗ ನಿಮ್ಮ ಮುಂದಿರುವ ಕೆಲಸ ದಾವೆಯದಲ್ಲ, ಬರವಣಿಗೆಯದು. ಟ್ರೇಡ್‌ಮಾರ್ಕ್ ಅರ್ಜಿಗಳನ್ನು ಎಷ್ಟೇ ಹಾಕಿದ್ದರೂ ಯಂತ್ರದ ವಿವರಣಾಪತ್ರ ಬರೆಯುವ ಅಭ್ಯಾಸ ಅದರಿಂದ ಬಂದಿರುವುದಿಲ್ಲ. ಅವರ ಹೆಸರು ಏಜೆಂಟರ ರಿಜಿಸ್ಟರಿನಲ್ಲಿ ಇದ್ದರೆ ಮುಂದಿನ ಪರಿಶೀಲನೆಗೆ ಹೋಗಿ; ಇಲ್ಲದಿದ್ದರೆ ಅರ್ಜಿ ಬರೆಯುವ ಏಜೆಂಟರು ಯಾರೆಂದು ಕೇಳಿ.

ಇನ್ನು ಅವರ ಪದವಿಯ ವಿಷಯ. ರಸಾಯನಶಾಸ್ತ್ರ ಓದಿದವರಿಗೂ ಕಂಪ್ಯೂಟರ್ ಓದಿದವರಿಗೂ ಸಿಗುವುದು ಒಂದೇ ಬಗೆಯ ನೋಂದಣಿ. ಔಷಧಗಳ ಪೇಟೆಂಟಿನಲ್ಲಿ ಪಳಗಿದ, ನಿಜವಾಗಿಯೂ ದೊಡ್ಡ ಏಜೆಂಟರೊಬ್ಬರು ನಿಮ್ಮ ಯಂತ್ರದ ರೋಲರು, ಸ್ಪ್ರಿಂಗು, ಜರಡಿಗಳ ನಡುವಿನ ಸಂಬಂಧವನ್ನು ಹಿಡಿಯದೆ ಹೋಗಬಹುದು. ನಿಮಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರೋ, ಕನಿಷ್ಠಪಕ್ಷ ಕೃಷಿ ಯಂತ್ರೋಪಕರಣಗಳ ಅರ್ಜಿಗಳನ್ನು ಬರೆದವರೋ ಬೇಕು.

ಅನುಭವವನ್ನು ಅಳೆಯುವ ಮಾತಿಗೆ ಬಂದಾಗ ನಮ್ಮ ಜನ ‘ಎಷ್ಟು ವರ್ಷ, ಎಷ್ಟು ಪೇಟೆಂಟ್?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಬರುವ ಉತ್ತರವನ್ನು ಪರೀಕ್ಷಿಸಲು ದಾರಿಯಿಲ್ಲ. ಅದರ ಬದಲಿಗೆ ‘ನನ್ನ ಯಂತ್ರದಂಥ ಯಂತ್ರಗಳಿಗೆ ನೀವು ಬರೆದಿರುವ, ಈಗಾಗಲೇ ಪ್ರಕಟವಾಗಿರುವ ಮೂರು ನಾಲ್ಕು ಅರ್ಜಿಗಳ ಸಂಖ್ಯೆಯನ್ನು ಕೊಡಿ’ ಎಂದು ಕೇಳಿ. ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಎಂಬ ಹುಡುಕಾಟ ವ್ಯವಸ್ಥೆಯಲ್ಲಿ ಆ ಸಂಖ್ಯೆ ಹಾಕಿದರೆ, ಪ್ರಕಟವಾದ ಅರ್ಜಿಯ ವಿವರಣಾಪತ್ರ, ಕಚೇರಿ ಕೊಟ್ಟ ಪರೀಕ್ಷಾ ವರದಿ, ಅದಕ್ಕೆ ಏಜೆಂಟರು ಬರೆದ ಉತ್ತರ, ಕಂಟ್ರೋಲರರ ತೀರ್ಮಾನ ಎಲ್ಲವೂ ಸಾಮಾನ್ಯವಾಗಿ ಪುಕ್ಕಟೆಯಾಗಿ ನೋಡಲು ಸಿಗುತ್ತವೆ. ಏಜೆಂಟರ ಕಸುಬುದಾರಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಇನ್ನೊಂದಿಲ್ಲ. ‘ಅದೆಲ್ಲ ಗೋಪ್ಯ, ಕೊಡಲಾಗದು’ ಎಂದು ಯಾರಾದರೂ ಹೇಳಿದರೆ, ಪ್ರಕಟವಾದದ್ದು ಗೋಪ್ಯವಲ್ಲ ಎಂದು ವಿನಯದಿಂದಲೇ ತಿಳಿಸಿ. ಇದಕ್ಕೆ ವಿರುದ್ಧವಾದ ಸನ್ನಿವೇಶವೂ ಒಂದಿದೆ: ಇನ್ನೂ ಪ್ರಕಟವಾಗದ, ಬೇರೊಬ್ಬ ಗಿರಾಕಿಯ ರೇಖಾಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ‘ನೋಡಿ, ಇಂಥ ಕೆಲಸ ಮಾಡುತ್ತಿದ್ದೇನೆ’ ಎಂದು ತೋರಿಸುವವರು. ಅವರು ನಿಮ್ಮ ಚಿತ್ರವನ್ನೂ ಮುಂದಿನ ಗಿರಾಕಿಗೆ ತೋರಿಸುತ್ತಾರೆ. ಅಲ್ಲಿಂದ ಎದ್ದು ಬರುವುದೇ ಲೇಸು.

ಆ ಕಡತದಲ್ಲಿ ಏನನ್ನು ನೋಡಬೇಕು? ವಿವರಣಾಪತ್ರದ ಕೊನೆಯಲ್ಲಿ ಅಂಕೆ ಹಾಕಿ ಬರೆದ ಕ್ಲೇಮುಗಳು, ಎಂದರೆ ಆವಿಷ್ಕಾರದಲ್ಲಿ ಯಾವುದರ ಮೇಲೆ ಹಕ್ಕು ಕೇಳುತ್ತಿದ್ದೇವೆ ಎಂದು ಹೇಳುವ ವಾಕ್ಯಗಳು ಇರುತ್ತವೆ. ಪೇಟೆಂಟಿನ ಜೀವ ಇರುವುದು ಅಲ್ಲಿ. ನಿಮ್ಮ ಯಂತ್ರವನ್ನೇ ಉದಾಹರಣೆಯಾಗಿ ಊಹಿಸಿಕೊಳ್ಳೋಣ. ಅಡಿಕೆಯ ಗಾತ್ರಕ್ಕೆ ತಕ್ಕಂತೆ ರೋಲರಿಗೂ ತಟ್ಟೆಗೂ ನಡುವಿನ ಅಂತರವನ್ನು ಒಂದು ಸ್ಪ್ರಿಂಗು ತಾನಾಗಿ ಸರಿಹೊಂದಿಸುತ್ತದೆ, ಹಾಗಾಗಿಯೇ ಅಡಿಕೆ ಹೋಳಾಗುವುದಿಲ್ಲ ಎಂದಿಟ್ಟುಕೊಳ್ಳಿ. ಅವಸರದ ಏಜೆಂಟರು ಮೊದಲನೆಯ ಕ್ಲೇಮಿನಲ್ಲಿಯೇ ‘ಕಬ್ಬಿಣದ ಚೌಕಟ್ಟು, ಒಂದು ಎಚ್‌ಪಿ ಮೋಟಾರು, ರಬ್ಬರು ಸುತ್ತಿದ ನಾಲ್ಕು ರೋಲರು, ಎರಡು ಜರಡಿ, ಸ್ಪ್ರಿಂಗು’ ಎಂದು ಕಂಡದ್ದನ್ನೆಲ್ಲ ಬರೆದುಬಿಡುತ್ತಾರೆ. ಇಷ್ಟು ಬಿಗಿಯಾಗಿ ಬರೆದರೆ ಪೇಟೆಂಟ್ ಸಿಗುವುದು ಸುಲಭ, ಏಕೆಂದರೆ ಅದೇ ಜೋಡಣೆ ಮೊದಲು ಎಲ್ಲಿಯೂ ಇದ್ದಿರಲಾರದು. ಆದರೆ ಕ್ಲೇಮಿನಲ್ಲಿ ಹೇಳಿದ ಅಂಗಗಳೆಲ್ಲ ಇದ್ದರೆ ಮಾತ್ರ ನಕಲು ಎನಿಸಿಕೊಳ್ಳುವುದರಿಂದ, ನೆರೆಯೂರಿನವನು ಮೂರೇ ರೋಲರು ಹಾಕಿ, ಒಂದು ಜರಡಿ ಕಡಿಮೆ ಮಾಡಿ ಅದೇ ಯಂತ್ರವನ್ನು ಮಾರಿದರೆ ನೀವು ಪೇಟೆಂಟ್ ಹಿಡಿದುಕೊಂಡು ನೋಡುತ್ತ ನಿಲ್ಲಬೇಕಾದೀತು. ಕೆಲಸ ಬಲ್ಲವರು ಮೊದಲನೆಯ ಕ್ಲೇಮಿನಲ್ಲಿ ಆ ಸ್ಪ್ರಿಂಗು ಮತ್ತು ಅಂತರದ ವ್ಯವಸ್ಥೆಯನ್ನೂ ಅದಕ್ಕೆ ಅತ್ಯಗತ್ಯವಾದ ಅಂಗಗಳನ್ನೂ ಮಾತ್ರ ಇಟ್ಟು, ಮೋಟಾರು, ಜರಡಿ, ರೋಲರಿನ ಸಂಖ್ಯೆಗಳನ್ನು ಅದನ್ನು ಆಧರಿಸಿದ ಮುಂದಿನ ಕ್ಲೇಮುಗಳಿಗೆ ಹಂಚುತ್ತಾರೆ.

ಆದ್ದರಿಂದ ಏಜೆಂಟರು ಕೊಟ್ಟ ಹಳೆಯ ಕಡತಗಳಲ್ಲಿ, ಅರ್ಜಿ ಹಾಕಿದಾಗಿನ ಮೊದಲ ಕ್ಲೇಮನ್ನೂ ಪೇಟೆಂಟ್ ಮಂಜೂರಾದಾಗಿನ ಮೊದಲ ಕ್ಲೇಮನ್ನೂ ಅಕ್ಕಪಕ್ಕದಲ್ಲಿಟ್ಟು ಓದಿಸಬೇಕು. ಪರೀಕ್ಷಕರು ಆಕ್ಷೇಪ ಎತ್ತಿದಾಗ ‘ಹಳೆಯ ಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು, ಅದರಿಂದ ಆಗುವ ಪ್ರಯೋಜನ ಇದು’ ಎಂದು ಏಜೆಂಟರು ವಾದಿಸಿದ್ದಾರೆಯೇ, ಅಥವಾ ಪರೀಕ್ಷಕರು ಕೆಮ್ಮಿದ ಕೂಡಲೇ ಒಂದೊಂದೇ ಅಂಗವನ್ನು ಮೊದಲ ಕ್ಲೇಮಿಗೆ ಸೇರಿಸಿ ಅದನ್ನು ಕಿರಿದು ಮಾಡಿಕೊಂಡು ಹೋಗಿದ್ದಾರೆಯೇ ಎಂಬುದು ಆ ಉತ್ತರಪತ್ರದಲ್ಲಿ ಕಾಣುತ್ತದೆ. ತಿರಸ್ಕೃತವಾದ ಅರ್ಜಿ ಒಂದೆರಡು ಇದ್ದರೆ ಅದನ್ನು ದೋಷವೆಂದು ಎಣಿಸಬೇಡಿ. ಗಟ್ಟಿಯಾದ ಕ್ಲೇಮಿಗಾಗಿ ಕೊನೆಯವರೆಗೆ ವಾದಿಸಿ ಸೋತವರು, ಏನೂ ಕಾಪಾಡದ ಪೇಟೆಂಟನ್ನು ಸುಲಭವಾಗಿ ಗಳಿಸಿದವರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಉತ್ತರವನ್ನೇ ಕೊಡದೆ ‘ಕೈಬಿಟ್ಟದ್ದು’ ಎಂದಾಗಿರುವ ಅರ್ಜಿಗಳು ಹಲವಾರು ಕಂಡರೆ ಕಾರಣ ಕೇಳಿ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಓದುವುದು ನಿಮ್ಮಿಂದ ಆಗದು ಎಂದಿರಿ. ಊರಿನ ಪ್ರೌಢಶಾಲೆಯ ವಿಜ್ಞಾನದ ಮಾಸ್ಟ್ರು, ಎಂಜಿನಿಯರಿಂಗ್ ಓದಿದ ನೆಂಟರ ಮಗ ಅಥವಾ ಮಗಳು, ಯಾರಾದರೊಬ್ಬರು ಒಂದು ಸಂಜೆ ಜತೆಗೆ ಕುಳಿತರೆ ಸಾಕು. ಮೊದಲ ಕ್ಲೇಮು ಸಾಮಾನ್ಯವಾಗಿ ಒಂದೇ ವಾಕ್ಯ. ಪ್ರಕಟವಾದ ಬೇರೆಯವರ ಅರ್ಜಿಯನ್ನು ಓದಿಸುವಾಗ ನಿಮ್ಮ ಯಂತ್ರದ ಗುಟ್ಟನ್ನು ಅವರಿಗೆ ಹೇಳಬೇಕಾಗಿಯೂ ಇಲ್ಲ.

ಭಾಷೆಯ ಮಾತು ಬಂದದ್ದರಿಂದ ಗಡಿನಾಡಿನ ನಮಗೆ ಮುಖ್ಯವಾದ ಒಂದು ಸಂಗತಿಯನ್ನು ಹೇಳಬೇಕು. ಪೇಟೆಂಟ್ ಅರ್ಜಿಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಮಾತ್ರ ಸಲ್ಲಿಸಬಹುದು. ಕನ್ನಡಕ್ಕೂ ಅವಕಾಶವಿಲ್ಲ, ಮಲಯಾಳಕ್ಕೂ ಇಲ್ಲ. ಎಂದರೆ ನಿಮ್ಮ ತಲೆಯಲ್ಲಿರುವ ಯಂತ್ರ, ನೀವು ಓದಲಾಗದ ಭಾಷೆಯಲ್ಲಿ, ಇನ್ನೊಬ್ಬರ ಕೈಯಿಂದ ಕಾಗದಕ್ಕೆ ಇಳಿಯುತ್ತದೆ. ಅಲ್ಲಿ ತಪ್ಪಿದ್ದರೆ ಆಮೇಲೆ ಹೊಸ ವಿಷಯ ಸೇರಿಸಿ ಸರಿಪಡಿಸಲು ಕಾಯ್ದೆ ಬಿಡುವುದಿಲ್ಲ. ಮೊದಲೇ ಬರೆದದ್ದರ ವ್ಯಾಪ್ತಿಯೊಳಗೆ ಮಾತ್ರ ತಿದ್ದುಪಡಿ. ಹೀಗಿರುವುದರಿಂದ, ನೀವು ಕನ್ನಡದಲ್ಲಿ ಹೇಳಿದ್ದನ್ನು ತಾಳ್ಮೆಯಿಂದ ಕೇಳಿ ತಿಳಿಯಬಲ್ಲವರು ಎಂಬುದೂ ಒಂದು ಅರ್ಹತೆಯೇ. ತೋಟದ ಮಾತು ಗೊತ್ತಿಲ್ಲದವರಿಗೆ ಹಸಿ ಅಡಿಕೆಗೂ ಒಣಗಿಸಿದ ಚಾಲಿಗೂ ಸುಲಿಯುವಲ್ಲಿ ಇರುವ ವ್ಯತ್ಯಾಸ ತಿಳಿಯಬೇಕಾದರೆ ನೀವು ಅಡಿಕೆಯನ್ನೇ ಕೈಯಲ್ಲಿ ಕೊಡಬೇಕಾದೀತು. ಏಜೆಂಟರು ಕರಡು ಸಿದ್ಧಪಡಿಸಿದ ಮೇಲೆ, ಸಲ್ಲಿಸುವ ಮುನ್ನ, ಪ್ರತಿಯೊಂದು ಕ್ಲೇಮನ್ನೂ ನಿಮಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆಯೇ ಎಂದು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಹೇಳುವಾಗ ನೀವು ಯಂತ್ರದ ಮುಂದೆಯೇ ನಿಂತು, ಹೆಸರಿಸಿದ ಪ್ರತಿ ಭಾಗವನ್ನೂ ಕೈಯಿಂದ ಮುಟ್ಟಿ ನೋಡಿ. ಮುಟ್ಟಲು ಸಿಗದ ಭಾಗವೊಂದು ಕ್ಲೇಮಿನಲ್ಲಿದ್ದರೆ ಅಥವಾ ನಿಮ್ಮ ಪಾಲಿಗೆ ಮುಖ್ಯವಾದ ಭಾಗ ಎಲ್ಲಿಯೂ ಬರದಿದ್ದರೆ ಸಹಿ ಹಾಕಬೇಡಿ.

ಕಚೇರಿ ಎಲ್ಲಿದೆ ಎಂಬುದಕ್ಕೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಕೇರಳವೂ ಕರ್ನಾಟಕವೂ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿವೆ, ಏಜೆಂಟರು ಆನ್‌ಲೈನಿನಲ್ಲಿಯೇ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದೆ, ವಿಚಾರಣೆ ವಿಡಿಯೋ ಮೂಲಕ ನಡೆಯುತ್ತದೆ. ಮಂಗಳೂರಿನವರಾದರೂ ಕೊಚ್ಚಿಯವರಾದರೂ ಅಡ್ಡಿಯಿಲ್ಲ. ಒಮ್ಮೆಯಾದರೂ ಬಂದು ಯಂತ್ರ ಓಡುವುದನ್ನು ಕಣ್ಣಾರೆ ನೋಡುವವರಾದರೆ ಒಳ್ಳೆಯದು.

ನೀವು ಅವರನ್ನು ಕೇಳುವ ಪ್ರಶ್ನೆಗಳಷ್ಟೇ, ಅವರು ನಿಮ್ಮನ್ನು ಕೇಳುವ ಪ್ರಶ್ನೆಗಳನ್ನೂ ಗಮನಿಸಿ. ನಿಮ್ಮ ಪತ್ರದಲ್ಲಿ ‘ನೋಡಿದವರೆಲ್ಲ ಹೇಳುತ್ತಾರೆ’ ಎಂಬ ಮಾತು ಬಂದಿದೆ. ಅನುಭವಿಯಾದ ಏಜೆಂಟರು ಅದನ್ನು ಕೇಳಿದ ಕೂಡಲೇ ‘ಯಾರು ನೋಡಿದರು, ಯಾವಾಗ, ಎಲ್ಲಿ?’ ಎಂದು ವಿಚಾರಿಸಬೇಕು. ಅರ್ಜಿ ಹಾಕುವ ಮೊದಲೇ ಯಂತ್ರವನ್ನು ಮಾರಿದ್ದರೆ, ಕೃಷಿ ಮೇಳದಲ್ಲಿ ಕೆಲಸ ಮಾಡುವ ಬಗೆಯನ್ನು ತೋರಿಸಿದ್ದರೆ, ಅದರ ವಿಡಿಯೋ ಯೂಟ್ಯೂಬಿಗೆ ಹೋಗಿದ್ದರೆ, ಹೊಸತನವೇ ಹೋಯಿತೆಂದು ಪೇಟೆಂಟ್ ನಿರಾಕರಿಸಲ್ಪಡಬಹುದು. ಪ್ರದರ್ಶನವಾದ 12 ತಿಂಗಳೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ಇದೆಯೆಂದು ಕೆಲವರು ಧೈರ್ಯ ಹೇಳುತ್ತಾರೆ. ಆದರೆ 31ನೇ ಸೆಕ್ಷನ್ನಿನ ಆ ರಿಯಾಯಿತಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಅನ್ವಯಿಸುವಂಥದು, ಊರಿನ ಪ್ರತಿ ಮೇಳಕ್ಕೂ ಅಲ್ಲ. ಈ ಪ್ರಶ್ನೆಯನ್ನೇ ಎತ್ತದೆ ಹಣದ ಮಾತಿಗೆ ಹೋಗುವವರು ಎಷ್ಟು ಪ್ರಸಿದ್ಧರಾದರೂ ನನಗೆ ನಂಬಿಕೆ ಬಾರದು. ಹಾಗೆಯೇ, ಅಡಿಕೆ ಸುಲಿಯುವ ಯಂತ್ರಗಳು ನಮ್ಮ ಸುತ್ತಮುತ್ತ ಬಹಳ ಕಾಲದಿಂದ ತಯಾರಾಗುತ್ತಿವೆ. ಹಳೆಯ ಪೇಟೆಂಟ್ ಅರ್ಜಿಗಳನ್ನಲ್ಲದೆ, ಕಾಸರಗೋಡಿನ ಸಿಪಿಸಿಆರ್‌ಐಯಂಥ ಸಂಶೋಧನಾ ಸಂಸ್ಥೆಗಳ ಪ್ರಕಟಣೆಗಳನ್ನೂ ಹುಡುಕಿ, ‘ಇಷ್ಟು ಈಗಾಗಲೇ ಇದೆ, ನಿಮ್ಮದರಲ್ಲಿ ಹೊಸದು ಇಷ್ಟು’ ಎಂಬ ಲಿಖಿತ ವರದಿಯನ್ನು ಅರ್ಜಿಗೆ ಮೊದಲೇ ಕೊಡುತ್ತಾರೆಯೇ ಎಂದು ಕೇಳಿ. ‘ಪೇಟೆಂಟ್ ಸಿಗದು’ ಎಂದು ಹೇಳುವ ಸ್ಥೈರ್ಯವಿರುವವರನ್ನು ಗೌರವಿಸಿ. ಕೃಷಿ ಅಥವಾ ತೋಟಗಾರಿಕೆಯ ವಿಧಾನಕ್ಕೆ ಪೇಟೆಂಟ್ ಇಲ್ಲ ಎಂದು 3ನೇ ಸೆಕ್ಷನ್ನಿನಲ್ಲಿಯೇ ಇದೆ. ತೋಟಕ್ಕೆ ಮದ್ದು ಬಿಡುವ (ಸಿಂಪಡಿಸುವ) ಹೊಸ ಯಂತ್ರಕ್ಕೆ ಸಿಗಬಹುದು, ಮದ್ದು ಬಿಡುವ ಹೊಸ ಕ್ರಮಕ್ಕೆ ಸಿಗದು. ಇದು ಗೊತ್ತಿದ್ದೂ ಅರ್ಜಿ ಹಾಕಿಸಿ ಶುಲ್ಕ ಪಡೆಯುವವರಿದ್ದಾರೆ.

ಬೆಂಗಳೂರಿನ ಸಂಸ್ಥೆಯ ‘ಆರು ತಿಂಗಳ ಖಾತ್ರಿ’ಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅರ್ಜಿ ಪ್ರಕಟವಾಗಿ ಆರು ತಿಂಗಳು ಕಳೆಯುವ ಮೊದಲು ಪೇಟೆಂಟ್ ಕೊಡುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಬೇಗ ಪ್ರಕಟಿಸಿ ಎಂದು ಕೇಳಿಕೊಳ್ಳದಿದ್ದರೆ ಪ್ರಕಟಣೆಗೇ 18 ತಿಂಗಳು. ಮೇಲಾಗಿ, ಪ್ರಕಟಣೆಯ ನಂತರ ಮಂಜೂರಾತಿಯ ಮೊದಲು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ತೀರ್ಮಾನ ಕಂಟ್ರೋಲರರದು, ಅದಕ್ಕೆ ಏಜೆಂಟರು ಜಾಮೀನು ನಿಲ್ಲಲಾಗದು.

ಹಣದ ವಿಷಯದಲ್ಲಿ ಸರ್ಕಾರಿ ಶುಲ್ಕವನ್ನೂ ಏಜೆಂಟರ ಸಂಭಾವನೆಯನ್ನೂ ಬೇರೆಬೇರೆ ಬರೆಸಿಕೊಳ್ಳಿ. ಸ್ವಂತ ಹೆಸರಿನಲ್ಲಿ ಅರ್ಜಿ ಹಾಕುವ ವ್ಯಕ್ತಿಗೆ ಆನ್‌ಲೈನ್ ಅರ್ಜಿಯ ಶುಲ್ಕ 1,600 ರೂಪಾಯಿ, ಅರ್ಜಿಯನ್ನು ಪರೀಕ್ಷಿಸಿ ಎಂದು ಕಚೇರಿಯನ್ನು ಕೇಳುವ ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ, ಬೇಗ ಪ್ರಕಟಿಸಬೇಕಿದ್ದರೆ 2,500 ರೂಪಾಯಿ; 30 ಪುಟ, 10 ಕ್ಲೇಮು ದಾಟಿದರೆ ಹೆಚ್ಚಿನ ಶುಲ್ಕವಿದೆ. ಉಳಿದದ್ದು ಸಂಭಾವನೆ. ಅದು ಅರ್ಜಿ ಬರೆಯುವುದಕ್ಕೆ ಮಾತ್ರವೋ, ಪರೀಕ್ಷಾ ವರದಿಗೆ ಉತ್ತರ ಮತ್ತು ವಿಚಾರಣೆಯೂ ಸೇರಿದೆಯೋ ಎಂಬುದು ಮೊದಲೇ ಕಾಗದದಲ್ಲಿ ಇರಲಿ. ಆರಂಭದಲ್ಲಿ ಅಗ್ಗವೆಂದು ಕಂಡದ್ದು ಪರೀಕ್ಷಾ ವರದಿ ಬಂದಾಗ ದುಬಾರಿಯಾಗುವುದು ಇಲ್ಲಿಯೇ. ಅಧಿಕಾರಪತ್ರವಾದ 26ನೇ ನಮೂನೆಗೆ ಸಹಿ ಹಾಕುವಾಗ 1ನೇ ನಮೂನೆಯನ್ನೂ ಓದಿಸಿ ನೋಡಿ: ಆವಿಷ್ಕಾರಕರ ಜಾಗದಲ್ಲಿಯೂ ಅರ್ಜಿದಾರರ ಜಾಗದಲ್ಲಿಯೂ ನಿಮ್ಮ ಹೆಸರೇ ಇರಬೇಕು. ಸಂಭಾವನೆ ಕಡಿಮೆ ಮಾಡುತ್ತೇನೆ ಎಂದು ಏಜೆಂಟರು ತಮ್ಮ ಹೆಸರನ್ನೂ ಅರ್ಜಿದಾರರಲ್ಲಿ ಸೇರಿಸಲು ಕೇಳಿದರೆ ಒಪ್ಪಬೇಡಿ. ಅವರು ಬೇರೆ ಅಡಿಕೆ ಯಂತ್ರ ತಯಾರಕರಿಗೂ ಕೆಲಸ ಮಾಡುತ್ತಿದ್ದಾರೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಮುಳ್ಳೇರಿಯದಲ್ಲಿ ನಾವು ಕೆಲವು ಮಹಿಳೆಯರು ಅಡಿಕೆ ಹಾಳೆಯ ತಟ್ಟೆ ತಯಾರಿಸುತ್ತೇವೆ. ಹಾಳೆ ಹರಿಯದಂತೆ ಒತ್ತುವ ಹೊಸ ಅಚ್ಚೊಂದನ್ನು ನಾನು ಮಾಡಿಸಿದ್ದೆ. ಒಬ್ಬ ಸಲಹೆಗಾರರು ‘ಡಿಸೈನ್ ಪೇಟೆಂಟ್’ ಎಂದು ಹೇಳಿ ಕೆಲವೇ ತಿಂಗಳಲ್ಲಿ ಸರ್ಟಿಫಿಕೇಟ್ ತಂದುಕೊಟ್ಟರು. ಇದು ಸಾಕೇ?
— ಓದುಗರು, ಮುಳ್ಳೇರಿಯ

ಉತ್ತರ: ನಿಮಗೆ ದೊರೆತಿರುವುದು 2000ದ ಡಿಸೈನ್ಸ್ ಕಾಯ್ದೆಯ ಕೆಳಗಿನ ನೋಂದಣಿ, ಅದು ಪೇಟೆಂಟ್ ಅಲ್ಲ. ಅದು ಕಾಪಾಡುವುದು ವಸ್ತುವಿನ ಕಣ್ಣಿಗೆ ಕಾಣುವ ಆಕಾರವನ್ನು, ಕೆಲಸ ಮಾಡುವ ಬಗೆಯನ್ನಲ್ಲ. ಅವಧಿ 10 ವರ್ಷ, ಮತ್ತೆ 5 ವರ್ಷಕ್ಕೆ ವಿಸ್ತರಿಸಬಹುದು. ಪೇಟೆಂಟಿನ ಅವಧಿ 20 ವರ್ಷ. ನಿಮ್ಮ ಅಚ್ಚಿನ ಹೆಚ್ಚುಗಾರಿಕೆ ಹಾಳೆ ಹರಿಯದಿರುವುದರಲ್ಲಿದೆ, ನೋಟದಲ್ಲಿಲ್ಲ. ಬೇರೆ ಆಕಾರದ ಅಚ್ಚಿನಲ್ಲಿ ಅದೇ ತಂತ್ರವನ್ನು ಬಳಸುವವರನ್ನು ಈ ಸರ್ಟಿಫಿಕೇಟ್ ತಡೆಯದು. ಬೇಗ ಸಿಗುತ್ತದೆಂಬ ಕಾರಣಕ್ಕೆ ಡಿಸೈನನ್ನು ಪೇಟೆಂಟ್ ಎಂದು ಕರೆದು ಕೊಡುವ ರೂಢಿ ಹೆಚ್ಚುತ್ತಿದೆ, ಕಾಲೇಜು ಅಧ್ಯಾಪಕರಲ್ಲಿ ಹಲವರೂ ಇದಕ್ಕೆ ಸಿಲುಕಿದ್ದಾರೆ. ವ್ಯತ್ಯಾಸವನ್ನು ನಿಮಗೆ ವಿವರಿಸದ ಸಲಹೆಗಾರರ ಬಳಿಗೆ ಮತ್ತೆ ಹೋಗಬೇಡಿ.

ಈಗ ಪೇಟೆಂಟಿಗೆ ಅವಕಾಶ ಉಳಿದಿದೆಯೇ ಎಂಬುದು, ನೋಂದಣಿಯೊಡನೆ ಪ್ರಕಟವಾದ ಚಿತ್ರಗಳಿಂದ ಅಚ್ಚಿನ ತಂತ್ರ ಎಷ್ಟು ಹೊರಬಿದ್ದಿದೆ ಮತ್ತು ಅಚ್ಚನ್ನು ನೀವು ಯಾರಿಗಾದರೂ ಮಾರಿದ್ದೀರಾ ಎಂಬುದರ ಮೇಲೆ ನಿಂತಿದೆ. ಸರ್ಟಿಫಿಕೇಟನ್ನೂ ಆ ಚಿತ್ರಗಳನ್ನೂ ತೆಗೆದುಕೊಂಡು ನೋಂದಾಯಿತ ಏಜೆಂಟರನ್ನು ತಡಮಾಡದೆ ಕಾಣಿ. ಅರ್ಜಿದಾರರು ವ್ಯಕ್ತಿಗಳಾಗಿದ್ದು ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿದ್ದರೆ ಶೀಘ್ರ ಪರೀಕ್ಷೆಯನ್ನು ಕೋರಬಹುದು ಎಂಬ ಅವಕಾಶ 2019ರಿಂದ ಇದೆ. ವ್ಯಕ್ತಿಗಳಿಗೆ ಅದರ ಶುಲ್ಕ 8,000 ರೂಪಾಯಿ. ನೀವು ಕೇಳದೆಯೇ ಏಜೆಂಟರು ಇದನ್ನು ಪ್ರಸ್ತಾಪಿಸುತ್ತಾರೆಯೇ ಎಂದು ಗಮನಿಸಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಒಬ್ಬರ ಮೂಲಕ ಅರ್ಜಿ ಹಾಕಿದೆ. ಈಗ ಅವರು ಫೋನ್ ಎತ್ತುತ್ತಿಲ್ಲ. ಏಜೆಂಟರನ್ನು ಬದಲಾಯಿಸಬಹುದೇ?
— ಓದುಗ, ಕುಂಬಳೆ

ಉತ್ತರ: ಧಾರಾಳವಾಗಿ ಬದಲಾಯಿಸಬಹುದು. ಹಿಂದಿನ ಅಧಿಕಾರಪತ್ರವನ್ನು ರದ್ದುಗೊಳಿಸಿ ಹೊಸಬರ ಹೆಸರಿಗೆ ಮತ್ತೊಂದು 26ನೇ ನಮೂನೆ ಸಲ್ಲಿಸಿದರಾಯಿತು. ಹಳಬರ ಒಪ್ಪಿಗೆ ಬೇಕಿಲ್ಲ. ಅದಕ್ಕಿಂತ ಮೊದಲು, ಈ ದಿನವೇ, ಅರ್ಜಿ ಸಂಖ್ಯೆಯನ್ನು ಇನ್‌ಪಾಸಿನಲ್ಲಿ ಹಾಕಿ ಸ್ಥಿತಿಯನ್ನು ನೋಡಿಸಿ. ಪರೀಕ್ಷಾ ವರದಿ ಹೊರಟಿದ್ದರೆ ಆ ದಿನದಿಂದ ಆರು ತಿಂಗಳೊಳಗೆ ಉತ್ತರ ಹೋಗಬೇಕು; ಅವಧಿ ಮುಗಿಯುವ ಮುನ್ನ ಕೇಳಿಕೊಂಡರೆ ಮೂರು ತಿಂಗಳ ವಿಸ್ತರಣೆ ಇದೆ. ಉತ್ತರ ಹೋಗದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಎಂದು ಕಾಯ್ದೆ ಭಾವಿಸುತ್ತದೆ. ವರದಿಯೇ ಬಂದಿಲ್ಲವಾದರೆ, ಪರೀಕ್ಷೆಯ ಕೋರಿಕೆಯನ್ನು ಅವರು ಸಲ್ಲಿಸಿದ್ದಾರೆಯೇ ಎಂದು ನೋಡಿ. 2024ರ ಮಾರ್ಚ್ 15ರಿಂದ ಈಚೆಗೆ ಹಾಕಿದ ಅರ್ಜಿಗಳಿಗೆ ಆ ಕೋರಿಕೆಯ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ; ಹಳೆಯ ಲೆಕ್ಕದಲ್ಲೇ ಇರುವವರಿಂದ ಅನಾಹುತವಾದೀತು. ನಿಮ್ಮದು ಮೊದಲಿಗೆ ತಾತ್ಕಾಲಿಕ ವಿವರಣಾಪತ್ರದೊಡನೆ ಹಾಕಿದ ಅರ್ಜಿಯಾಗಿದ್ದರೆ, 12 ತಿಂಗಳೊಳಗೆ ಪೂರ್ಣ ವಿವರಣಾಪತ್ರ ಸಲ್ಲಿಕೆಯಾಗಿದೆಯೇ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ.

ಏಜೆಂಟರ ನಿರ್ಲಕ್ಷ್ಯದಿಂದ ಬಿದ್ದುಹೋದ ಅರ್ಜಿಗಳನ್ನು ದೆಹಲಿ ಹೈಕೋರ್ಟ್ ಕೆಲವು ಪ್ರಕರಣಗಳಲ್ಲಿ ಮತ್ತೆ ಜೀವಂತಗೊಳಿಸಿದೆ. ಆದರೆ ಅರ್ಜಿದಾರರು ತಮ್ಮ ಅರ್ಜಿಯ ಬಗ್ಗೆ ವಿಚಾರಿಸುತ್ತಲೇ ಇದ್ದರು ಎಂಬುದಕ್ಕೆ ದಾಖಲೆ ಬೇಕಾಗುತ್ತದೆ. ನೀವು ಕಳುಹಿಸಿದ ಸಂದೇಶ, ಇಮೇಲ್‌ಗಳನ್ನು ಅಳಿಸಬೇಡಿ. ಇನ್ನು ಮುಂದೆ ಫೋನ್ ಮಾಡುವ ಬದಲು ಬರವಣಿಗೆಯಲ್ಲಿಯೇ ಕೇಳಿ. ಹೊಸ ಏಜೆಂಟರನ್ನು ಗೊತ್ತುಮಾಡುವಾಗ, ಕಚೇರಿಯಿಂದ ಪತ್ರ ಬರುವ ವಿಳಾಸದಲ್ಲಿ ಅವರ ಇಮೇಲ್ ಜತೆಗೆ ನಿಮ್ಮದನ್ನೂ ಸೇರಿಸಲು ಹೇಳಿ.

ಪ್ರಶ್ನೆ: ಪೊವ್ವಲ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಸ್ನೇಹಿತರೊಂದಿಗೆ ಸ್ಟಾರ್ಟಪ್ ನೋಂದಾಯಿಸುವ ಯೋಚನೆ ಇದೆ. ಏಜೆಂಟರ ಸಂಭಾವನೆಯನ್ನು ಸರ್ಕಾರವೇ ಕೊಡುತ್ತದೆಯಂತೆ, ನಿಜವೇ? ಅವರಿಗೆ ನಮ್ಮ ಯೋಜನೆಯನ್ನು ಪೂರ್ತಿ ಹೇಳಿಬಿಡಬಹುದೇ?
— ವಿದ್ಯಾರ್ಥಿ, ಪೊವ್ವಲ್

ಉತ್ತರ: ನಿಜ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗಾಗಿ 2016ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ, ಪಟ್ಟಿಯಲ್ಲಿರುವ ‘ಫೆಸಿಲಿಟೇಟರ್’ಗಳ ಸಂಭಾವನೆಯನ್ನು ಸರ್ಕಾರ ಭರಿಸುತ್ತದೆ, ನೀವು ಕಟ್ಟಬೇಕಾದದ್ದು ಸರ್ಕಾರಿ ಶುಲ್ಕವನ್ನು ಮಾತ್ರ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನಿಮ್ಮ ವಿಷಯ ಬಲ್ಲವರು ಎಂದಾಗದು; ಪೆರ್ಲದ ಓದುಗರಿಗೆ ಹೇಳಿದ ಪರಿಶೀಲನೆ ಇಲ್ಲಿಗೂ ಅನ್ವಯಿಸುತ್ತದೆ. ಔಪಚಾರಿಕ ತಾಂತ್ರಿಕ ಶಿಕ್ಷಣವಿಲ್ಲದೆ ಸ್ವಂತವಾಗಿ ಉಪಕರಣ ಕಂಡುಹಿಡಿದವರಿಗೆ ಗಾಂಧಿನಗರದ ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನ, ಎಂದರೆ ಎನ್‌ಐಎಫ್, ಅವರ ಹೆಸರಿನಲ್ಲಿಯೇ ಪೇಟೆಂಟ್ ಅರ್ಜಿ ಹಾಕಲು ನೆರವಾಗುತ್ತದೆ. ಇದು ನಿಮಗಿಂತ ಪೆರ್ಲದವರಿಗೆ ಹೆಚ್ಚು ಉಪಯೋಗವಾದೀತು.

ಎರಡನೆಯ ಪ್ರಶ್ನೆ ಹಗುರವಾದದ್ದಲ್ಲ. ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಮಾತಿಗೆ ಸಾಕ್ಷ್ಯ ಕಾನೂನು ರಕ್ಷಣೆ ಕೊಡುತ್ತದೆ. ವಕೀಲರಲ್ಲದ ಪೇಟೆಂಟ್ ಏಜೆಂಟರ ಹೆಸರು ಅಲ್ಲಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿ ಯಂತ್ರ ಏನು ಮಾಡುತ್ತದೆ ಎಂಬುದನ್ನು ಮಾತ್ರ ಹೇಳಿ. ಹೇಗೆ ಮಾಡುತ್ತದೆ ಎಂಬುದನ್ನು ಗೋಪ್ಯತೆಯ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದ ಮೇಲೆ ಹೇಳಿ. ಅವರ ಕಚೇರಿಯಲ್ಲಿ ಅರ್ಜಿ ಬರೆಯುವವರು ಮತ್ತು ಚಿತ್ರ ಬಿಡಿಸುವವರು, ಹೊರಗಿನವರಾದರೂ ಸಹ, ಆ ಒಪ್ಪಂದಕ್ಕೆ ಒಳಪಡಬೇಕು. ಕಾಲೇಜಿನ ಪ್ರಯೋಗಾಲಯವನ್ನೋ ಅಧ್ಯಾಪಕರ ಮಾರ್ಗದರ್ಶನವನ್ನೋ ಬಳಸಿಕೊಂಡಿದ್ದರೆ ಅದನ್ನು ಮೊದಲ ದಿನವೇ ತಿಳಿಸಿ, ಏಕೆಂದರೆ ಅರ್ಜಿದಾರರು ಯಾರು, ಆವಿಷ್ಕಾರಕರು ಯಾರು ಎಂಬ ತಕರಾರನ್ನು ಅರ್ಜಿ ಸಲ್ಲಿಸುವ ಮೊದಲೇ ಬಗೆಹರಿಸಿಕೊಳ್ಳಬೇಕು.